ಫಿಯೋನಾ ಯಾವ ದೇವತೆ ಸ್ವಾಮಿ?

ಬರೆಯುತ್ತಿರುವ ಕಥೆಗೆ ಐರಿಷ್ ಹೆಸರುಗಳು ಬೇಕಿದ್ದವು. ಕೆಲ್ಟಿಕ್ ಪುರಾಣದ, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಕಡೆಯ ಹಳೆಯ ಕಥೆಗಳ ಹೆಸರುಗಳಿಗೇ ಅಂತ ಇರುವ ಒಂದು ಆ್ಯಪ್ ದುಡ್ಡು ಕೊಟ್ಟು ಹಾಕಿಕೊಂಡೆ. ಯಾವುದು ಅಂತ ಹೇಳುವುದಿಲ್ಲ, ಬೈಯುವುದು ಸ್ವಲ್ಪ ಜಾಸ್ತಿ ಇದೆ.

ಮೊದಲು ಹೊಗಳಿಬಿಡುತ್ತೇನೆ. ಪ್ರತಿ ಹೆಸರಿನ ಪಕ್ಕ ಒಂದು ಸ್ಪೀಕರ್ ಗುರುತಿದೆ, ಒತ್ತಿದರೆ ಉಚ್ಚಾರ ಕೇಳಿಸುತ್ತದೆ. ಐರಿಷ್‌ಗೆ ಇದು ಬೇಕೇ ಬೇಕು. ಎನ್, ಐ, ಎ, ಎಂ, ಎಚ್ ಅಂತ ಬರೆದು ‘ನೀವ್’ ಅಂತ ಓದುವ ಜನ ಅವರು! ನಾನು ಇಷ್ಟು ದಿನ ‘ನಿಯಾಮ್’ ಅಂದುಕೊಂಡಿದ್ದೆ. ಅರ್ಥ ಹೊಳಪು. ಐರಿಷ್ ಪುರಾಣದ ವೀರ ಓಶೀನ್‌ನನ್ನು ಬಿಳಿ ಕುದುರೆ ಮೇಲೆ ಮುಪ್ಪೇ ಇಲ್ಲದ ನಾಡಿಗೆ ಕರೆದುಕೊಂಡು ಹೋದವಳು ಇವಳೇ. ಓಶೀನ್ ಅಂದರೆ ಜಿಂಕೆಮರಿ, ಯಾಕೆಂದರೆ ಅವನ ತಾಯಿ ಮಾಟಕ್ಕೆ ಸಿಕ್ಕಿ ಜಿಂಕೆಯಾಗಿದ್ದಳು. ಇಷ್ಟನ್ನು ಆ್ಯಪ್ ಚೆನ್ನಾಗಿಯೇ ಹೇಳುತ್ತದೆ.

ಆಮೇಲೆ ಫಿಯೋನಾ ಹುಡುಕಿದೆ. ‘ಪ್ರಾಚೀನ ಕೆಲ್ಟಿಕ್ ದೇವತೆ’ ಅಂತೆ. ಅಂಥ ದೇವತೆಯೇ ಇಲ್ಲ! ‘ಫಿನ್’, ಅಂದರೆ ಬಿಳಿ ಅನ್ನುವ ಪದದಿಂದ ಈ ಹೆಸರು ಕಟ್ಟಿದ್ದು 18ನೇ ಶತಮಾನದ ಸ್ಕಾಟಿಷ್ ಕವಿ ಜೇಮ್ಸ್ ಮ್ಯಾಕ್‌ಫರ್ಸನ್. ಆಸ್ಕರ್ ನಿಜವಾಗಿಯೂ ಹಳೆಯ ಹೆಸರು, ಪುರಾಣದಲ್ಲಿ ಓಶೀನ್‌ನ ಮಗ. ಆದರೆ ಅದು ಯುರೋಪಿಗೆಲ್ಲ ಹಬ್ಬಿದ್ದು ಇದೇ ಕವಿಯ ಪದ್ಯಗಳಿಂದ. ನೆಪೋಲಿಯನ್‌ಗೆ ಆ ಪದ್ಯಗಳ ಹುಚ್ಚು, ತನ್ನ ಧರ್ಮಪುತ್ರನಿಗೆ (ಗಾಡ್‌ಸನ್) ಆಸ್ಕರ್ ಅಂತ ಹೆಸರಿಡಿಸಿದ, ಆ ಹುಡುಗ 1844ರಲ್ಲಿ ಸ್ವೀಡನ್ನಿನ ರಾಜನೇ ಆದ. ಇಂಥ ಕಥೆ ಕೈಯಲ್ಲಿದ್ದರೂ ಆ್ಯಪ್‌ನಲ್ಲಿ ಒಂದು ಸಾಲಿಲ್ಲ.

ರಿಯಾನನ್, ಡಿಲನ್ ಇಬ್ಬರನ್ನೂ ಐರಿಷ್ ಪಟ್ಟಿಗೆ ತುಂಬಿದ್ದಾರೆ. ಇಬ್ಬರೂ ವೇಲ್ಸ್ ಪುರಾಣದವರು. ಹುಟ್ಟಿದ ಕೂಡಲೇ ಸಮುದ್ರಕ್ಕಿಳಿದು ಮೀನಿನ ಹಾಗೆ ಈಜಿದವನು ಡಿಲನ್, ಅಲ್ಲಿಯವರ ಬಾಯಲ್ಲಿ ‘ಡಲನ್’.

ನನಗೆ ಜಾಸ್ತಿ ಬೇಜಾರಾಗಿದ್ದು ಮೇವ್ ವಿಷಯದಲ್ಲಿ. ಒಂದು ಹೋರಿಗಾಗಿ ಯುದ್ಧಕ್ಕೆ ಹೊರಟ, ಐರಿಷ್ ಪುರಾಣದ ಕೊನಾಕ್ಟ್ ಸೀಮೆಯ ರಾಣಿ ಇವಳು. ‘ಮತ್ತೇರಿಸುವವಳು’ ಅಂತ ಅರ್ಥ ಕೊಟ್ಟು ಸುಮ್ನಾಗಿದ್ದಾರೆ. ಆ ಹೆಸರಿನ ಬೇರು, ನಾವು ದಿನಾ ಕರೆಯುವ ‘ಮಧು’ವಿನ ಬೇರು ಒಂದೇ! ಐರಿಷ್ ದೇವತೆ ಬ್ರಿಜಿಡ್ ಕೂಡ ಹಾಗೇ, ‘ಬೃಹತ್’ಗೆ ನೆಂಟಳು. ಹೆಸರಿನ ಮೂಲ ಹೇಳುತ್ತೇವೆ ಅನ್ನುವವರು ಇದನ್ನೇ ಬಿಟ್ಟರೆ ಹೇಗೆ?

ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಆ ಸ್ಪೀಕರ್ ಗುರುತಿಗೇ. ಕಥೆಯ ಹುಡುಗಿಗೆ ಮೇವ್ ಅಂತಲೇ ಹೆಸರಿಟ್ಟಿದ್ದೇನೆ.