24 ಫೇಡರ್‌ನ ಲೈಟಿಂಗ್ ಡೆಸ್ಕ್: ಎರಡು ವರ್ಷ ಬಳಸಿದ ಮೇಲೆ

ನಾಟಕದ ಲೈಟಿಂಗ್‌ಗೆ ಅಂತ ತೆಗೆದುಕೊಂಡ ಡೆಸ್ಕ್ ಇದು, ಬೆಳಕು ಏರಿಸಿ ಇಳಿಸಲು 24 ಫೇಡರ್, ಅಂದರೆ ಜಾರಿಸುವ ಗುಂಡಿಗಳಿವೆ, ಕಂಪನಿ ಹೆಸರು ಬೇಡ ಬಿಡಿ. ಬರೀ ಡಿಮ್ಮರ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸಾಧನ) ಇದ್ದಾಗ ಕೆಲಸ ನೀರು ಕುಡಿದಷ್ಟು ಸಲೀಸು. ಬಣ್ಣ ಬದಲಿಸುವ ಎಲ್‌ಇಡಿ ಪಾರ್ ಲೈಟುಗಳು ಬಂದವು ನೋಡಿ, ಕಷ್ಟ ಶುರು. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ, ಬ್ರೈಟ್‌ನೆಸ್ ಅಂತ ನಾಲ್ಕು ಚಾನೆಲ್, ಅಂದರೆ ನಾಲ್ಕು ಫೇಡರ್ ಕೊಟ್ಟರೆ ಆರು ಲೈಟಿಗೇ ಫೇಡರ್ ಮುಗಿಯಿತು! ಡೆಸ್ಕ್‌ನಿಂದ ಲೈಟುಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್ ಪದ್ಧತಿಯ ಒಂದು ಯೂನಿವರ್ಸ್‌ನಲ್ಲಿ, ಅಂದರೆ ಒಂದು ಕೇಬಲ್ ಸಾಲಿನಲ್ಲಿ, 512 ಚಾನೆಲ್ ಇರುತ್ತವೆ, ಅದರಲ್ಲಿ ಎಷ್ಟು ನಿಮ್ಮ ಡೆಸ್ಕ್‌ನ ಕೈಗೆ ಸಿಗುತ್ತವೆ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಒಮ್ಮೆ ಶೋ ಮಧ್ಯೆ ಲೈಟುಗಳು ತಾವಾಗಿಯೇ ಮಿಣುಕತೊಡಗಿದವು. ಸುಮ್ನೆ ಡೆಸ್ಕನ್ನು ಬೈದೆ. ಆಮೇಲೆ ಒಂದೊಂದೇ ಲೈಟ್ ಕಳಚುತ್ತಾ ಹೋದಾಗ ಗೊತ್ತಾಯಿತು, ತಪ್ಪು ನನ್ನದೇ: ಕೇಬಲ್ ಸಾಲಿನ ಕೊನೆಗೆ ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ 120 ಓಮ್‌ನ ಟರ್ಮಿನೇಟರ್ ಹಾಕಿರಲಿಲ್ಲ, ಸಾಲದ್ದಕ್ಕೆ ಮಧ್ಯೆ ಡಿಎಂಎಕ್ಸ್ ಕೇಬಲ್ ಬದಲು ಒಂದು ಮೈಕ್ ಕೇಬಲ್ ಬೇರೆ ಸೇರಿಸಿದ್ದೆ. ಪ್ಲಗ್ ಒಂದೇ ಥರ ಇದ್ದರೆ ಯಾರಿಗಾದರೂ ಮೋಸವಾಗುತ್ತದೆ, ಅಲ್ವಾ? ಎರಡನ್ನೂ ಸರಿ ಮಾಡಿದೆ, ಮಿಣುಕು ನಿಂತಿತು.

ಡೆಸ್ಕ್ ಮೇಲೆ ನಿಜವಾದ ದೂರು ಬೇರೆಯೇ ಇದೆ. ಮುಂದಿನ ಸೀನನ್ನು ಸ್ಟೇಜ್ ಮೇಲೆ ತೋರಿಸದೆ ತಿದ್ದುವ ಬ್ಲೈಂಡ್ ಮೋಡ್ ಇದರಲ್ಲಿಲ್ಲ. ಧೂಳು ಕೂತು ಎರಡು ಫೇಡರ್ ಜಿಗಿಯುತ್ತಿವೆ, ಮೆಲ್ಲಗೆ ಏರಬೇಕಾದ ಬೆಳಕು ತಟ್ಟನೆ ಹಾರುತ್ತದೆ. ಮುಚ್ಚಳ ಹಾಕಿ ಇಡಬೇಕಿತ್ತು.