ಮತಪತ್ರದ ದಾರಿಯೋ, ಶಾಸನಸಭೆಯ ದಾರಿಯೋ?

ಅಮೆರಿಕದಲ್ಲಿ ಮಾದಕವಸ್ತು ಕಾನೂನಿನ ಸುಧಾರಣೆಗಾಗಿ ದುಡಿಯಬಯಸುವ ಸ್ವಯಂಸೇವಕರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಸಹಿ ಸಂಗ್ರಹಿಸಿ ಪ್ರಸ್ತಾವವನ್ನು ನೇರವಾಗಿ ಮತದಾರರ ಮುಂದಿಡುವುದು, ಇಲ್ಲವೇ ರಾಜ್ಯದ ಶಾಸಕರ ಬೆನ್ನು ಬಿಡದೆ ಕಾನೂನನ್ನು ತಿದ್ದಿಸುವುದು.

ಮೊದಲನೆಯದು ವೇಗದ ದಾರಿ. ಆರೆಗಾನ್ ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ಸುಮಾರು ಶೇ. 58ರಷ್ಟು ಮತದಾರರು 110ನೇ ಪ್ರಸ್ತಾವವನ್ನು ಒಪ್ಪಿದರು. ಸ್ವಂತ ಬಳಕೆಗಾಗಿ ಅಲ್ಪ ಪ್ರಮಾಣದ ಮಾದಕವಸ್ತು ಇಟ್ಟುಕೊಳ್ಳುವುದು ಮರುವರ್ಷದ ಫೆಬ್ರುವರಿಯಿಂದ ಅಪರಾಧವಾಗಿ ಉಳಿಯದೆ, 100 ಡಾಲರ್ ದಂಡಕ್ಕೆ ಸೀಮಿತವಾಯಿತು. ಆದರೆ ಚಿಕಿತ್ಸಾ ಕೇಂದ್ರಗಳಿಗೆ ಹಣ ತಲುಪುವುದು ತಡವಾಯಿತು, ಬೀದಿಯಲ್ಲಿನ ಬಹಿರಂಗ ಸೇವನೆ ಜನರನ್ನು ಕೆರಳಿಸಿತು, ಫೆಂಟನಿಲ್ ಎಂಬ ಅತಿ ಪ್ರಬಲ ಕೃತಕ ಮಾದಕವಸ್ತುವಿನ ಹಾವಳಿಯೂ ಅದೇ ಹೊತ್ತಿಗೆ ಏರಿತು. 2024ರಲ್ಲಿ ಶಾಸನಸಭೆಯೇ ಮಾದಕವಸ್ತು ಇಟ್ಟುಕೊಳ್ಳುವುದನ್ನು ಮತ್ತೆ ಅಪರಾಧವಾಗಿಸಿತು.

ಎರಡನೆಯದಕ್ಕೆ ನ್ಯೂಯಾರ್ಕ್ ಉದಾಹರಣೆ. ಆಗಿನ ಗವರ್ನರ್ ಹೆಸರಿನಿಂದ ಕರೆಯಲಾಗುವ 1973ರ ರಾಕ್‌ಫೆಲ್ಲರ್ ಮಾದಕವಸ್ತು ಕಾನೂನುಗಳಡಿ ಕೆಲವೇ ಔನ್ಸ್ ಮಾದಕವಸ್ತುವಿಗೂ ಕನಿಷ್ಠ 15 ವರ್ಷಗಳ ಸೆರೆವಾಸ ಕಡ್ಡಾಯವಾಗಿತ್ತು. ಕೈದಿಗಳ ತಾಯಂದಿರು, ಸಂಬಂಧಿಕರು 1990ರ ದಶಕದ ಕೊನೆಯಿಂದ ಬೀದಿಗಿಳಿದರೂ 2004ರಲ್ಲಿ ಸಿಕ್ಕಿದ್ದು ಅರೆಬರೆ ತಿದ್ದುಪಡಿ. ಕಡ್ಡಾಯ ಶಿಕ್ಷೆಗಳಲ್ಲಿ ಹೆಚ್ಚಿನವು ತೊಲಗಿದ್ದು 2009ರಲ್ಲಿ. ನಿಧಾನವೇ ಸರಿ, ಆದರೆ ಆರೆಗಾನ್‌ನಂತೆ ಅದು ಬೇಗನೆ ಹಿಂದೆ ಸರಿಯಲಿಲ್ಲ.

ಮತಪತ್ರದ ಅವಕಾಶ ಎಲ್ಲ ರಾಜ್ಯಗಳಲ್ಲೂ ಇಲ್ಲ (ನ್ಯೂಯಾರ್ಕ್‌ನಲ್ಲೇ ಇಲ್ಲ), ಇರುವಲ್ಲಿಯೂ ಸಹಿ ಸಂಗ್ರಹ ಮತ್ತು ಪ್ರಚಾರಕ್ಕೆ ದೊಡ್ಡ ಮೊತ್ತ ಬೇಕು. ಹಣಕ್ಕಿಂತ ನೊಂದ ಕುಟುಂಬಗಳ ಬಲವೇ ಹೆಚ್ಚಿರುವ ಸಂಘಟನೆಗೆ ಎರಡನೆಯದೇ ಲೇಸೆಂದು ನನಗೆ ತೋರುತ್ತದೆ. ಮೊದಲನೆಯದನ್ನು ಆರಿಸುವವರು ಚಿಕಿತ್ಸೆಯ ಏರ್ಪಾಡು ಸಿದ್ಧವಾದ ಬಳಿಕವೇ ಕಾನೂನು ಜಾರಿಗೆ ಬರಬೇಕೆಂಬ ಷರತ್ತನ್ನು ಕರಡಿನಲ್ಲಿಯೇ ಸೇರಿಸಬೇಕು.