ಹಳದಿ ಮುಖವೋ, :-) ಗುರುತೋ? ನನ್ನ ಅನುಭವ

ಮೆಸೇಜಲ್ಲಿ ನಗು ತೋರಿಸೋಕೆ ಹಳದಿ ಮುಖದ ಎಮೋಜಿ ಹಾಕಬೇಕೋ, ಚುಕ್ಕಿ, ಗೆರೆ, ಬ್ರಾಕೆಟ್ ಸೇರಿಸಿ ಅಡ್ಡ ಮಲಗಿದ ನಗುಮುಖ :-) ಮಾಡಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು :-) ಗುರುತಿಗೆ.

ಕಲಬುರಗಿಯಲ್ಲಿ ನನ್ನದು ಸಣ್ಣ ಟೇಲರಿಂಗ್ ಅಂಗಡಿ. ಪೇಟೆಯ ಗಿರಾಕಿಗಳಿಗೆ ವಾಟ್ಸಾಪ್. ಆಳಂದ, ಅಫಜಲಪುರ ಕಡೆಯ ಹಳ್ಳಿಯವರಿಗೆ ಎಸ್‌ಎಂಎಸ್, ಯಾಕಂದ್ರೆ ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ಇನ್ನೂ ಬಟನ್ ಫೋನೇ ಇದೆ. ಹೊಸ ಫೋನ್ ತಗೊಂಡ ಮೇಲೆ ನಾನೂ ಎಲ್ಲದಕ್ಕೂ ಎಮೋಜಿ ಹಾಕೋಕೆ ಶುರು ಮಾಡಿದೆ. ನೋಡೋಕೆ ಚೆಂದ, ಒಂದೇ ಸಲ ಒತ್ತಿದರೆ ಆಯ್ತು.

ಆದರೆ ಅಕ್ಕನ ವಿಷಯದಲ್ಲಿ ಕೆಟ್ಟಿತು. ಶರಣಬಸವೇಶ್ವರರ ಜಾತ್ರೆಗೆ ಅವಳು ಪ್ರತಿ ವರ್ಷ ಬರುತ್ತಾಳೆ. "ಈ ಸಲ ನೀ ಬರಬ್ಯಾಡ ಯಕ್ಕಾ, ರೊಟ್ಟಿ ಸಾಲಂಗಿಲ್ಲ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೊನೆಗೆ 😂 ಹಾಕಿ ಎಸ್‌ಎಂಎಸ್ ಕಳಿಸಿದೆ. ಉತ್ತರ ಬರಲಿಲ್ಲ. ಜೋಳದ ರಾಶಿ ನಡೆದಿರಬೇಕು ಅಂದುಕೊಂಡು ಸುಮ್ನಾದೆ. ತೇರು ಎಳೆದರೂ ಅಕ್ಕ ಬರಲಿಲ್ಲ. ಊರಿಗೆ ಹೋದಾಗ ಅವಳು ಏನೂ ಮಾತಾಡದೆ ಫೋನ್ ನನ್ನ ಕೈಗೆ ಕೊಟ್ಟಳು. ಸಾಲು ಪೂರ್ತಿ ಇತ್ತು. ನಗು ಇರಬೇಕಾದ ಜಾಗದಲ್ಲಿ ಒಂದು ಖಾಲಿ ಚೌಕ. ಆ ಚೌಕ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ತಮಾಷೆ ಅಂತ ಅವಳಿಗೆ ಗೊತ್ತಾಗೋದಾದರೂ ಹೇಗೆ?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ಅವರು 1982ರ ಸೆಪ್ಟೆಂಬರ್ 19ರಂದು :-) ಸೂಚಿಸಿದ್ದೂ ಇದೇ ತೊಂದರೆಗೆ, ತಮಾಷೆಯನ್ನು ಜನ ನಿಜ ಅಂತ ತಿಳಿಯಬಾರದು ಅಂತ. ಚುಕ್ಕಿ, ಗೆರೆ, ಬ್ರಾಕೆಟ್ ಎಲ್ಲ ಫೋನಲ್ಲೂ ಇರುತ್ತವೆ. ಎಮೋಜಿ ಹಾಗಲ್ಲ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರ, ಚಿಹ್ನೆಗಳಿಗೆ ನಂಬರ್ ಕೊಡುವ ಪಟ್ಟಿ) ಅದಕ್ಕೆ ಒಂದು ಸಂಖ್ಯೆ ಕೊಡುತ್ತದೆ, ಚಿತ್ರ ಆಯಾ ಫೋನಿನದು. ಚಿತ್ರ ಇಲ್ಲದ ಫೋನಲ್ಲಿ ಬರೋದು ಆ ಚೌಕ.

ದುಡ್ಡಿನ ಲೆಕ್ಕವೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಅದರಲ್ಲಿ ಒಂದೇ ಒಂದು ಎಮೋಜಿ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ, ನೂರು ಅಕ್ಷರದ ಮೆಸೇಜು ಎರಡಾಗಿ ಹೋಗುತ್ತದೆ. :-) ಹಾಕಿದರೆ 160 ಹಾಗೇ ಇರುತ್ತದೆ. ನನ್ನ ರೀಚಾರ್ಜಲ್ಲಿ ದಿನಕ್ಕೆ 100 ಎಸ್‌ಎಂಎಸ್ ಮಾತ್ರ. ದೀಪಾವಳಿ ಮುಂದೆ "ಬ್ಲೌಸ್ ರೆಡಿ ಅದ, ತಗೊಂಡ್ ಹೋಗ್ರಿ" ಅಂತ ಎಲ್ಲರಿಗೂ ಕಳಿಸುವಾಗ ಒಂದೊಂದು ಮೆಸೇಜು ಎರಡಾಗಿ ಹೋದರೆ ಆ 100 ಸಾಲೋದಿಲ್ಲ.

ವಾಯ್ಸ್ ಮೆಸೇಜೂ ಮಾಡಿ ನೋಡಿದೆ. ಧ್ವನಿಯಲ್ಲಿ ಪ್ರೀತಿ ಇರುತ್ತದೆ, ನಿಜ, ಆದರೆ ಅಂಗಡಿಯಲ್ಲಿ ಮಷಿನ್ ಸದ್ದು.

:-) ಒತ್ತೋದು ಮಾತ್ರ ಸ್ವಲ್ಪ ಕಷ್ಟ. ಕನ್ನಡ ಕೀಬೋರ್ಡಿಂದ ಚಿಹ್ನೆಗಳ ಪುಟಕ್ಕೆ ಹೋಗಿ ಮೂರು ಕೀ ಹುಡುಕಬೇಕು. ಕೀಬೋರ್ಡಿನ ಸ್ವಂತ ನಿಘಂಟಿನಲ್ಲಿ "ನಗು" ಅಂತ ಶಾರ್ಟ್‌ಕಟ್ ಮಾಡಿಕೊಂಡಿದ್ದೇನೆ, ಈಗ ಸಲೀಸು.

ನಿಮ್ಮವರೆಲ್ಲ ಸ್ಮಾರ್ಟ್‌ಫೋನ್‌ನವರಾದರೆ ಎಮೋಜಿ ಸಾಕು. ಗಿರಾಕಿಗಳಿಗೆ ನಾನು "ರೀ" ಸೇರಿಸಿ :-) ಹಾಕುತ್ತೇನೆ. ಅಕ್ಕನಿಗೆ ತಮಾಷೆ ಬರೆದರೆ ಎರಡು ಸಲ ಹಾಕುತ್ತೇನೆ. ಅವಳೂ ಈಗ ತನ್ನ ಬಟನ್ ಫೋನಲ್ಲಿ ಒಂದೊಂದೇ ಚಿಹ್ನೆ ಹುಡುಕಿ ನನಗೆ :-) ಕಳಿಸುತ್ತಾಳೆ.